ಆಸ್ಪತ್ರೆಗೂ ಬೇಕು ಐದು ವರ್ಷದ ಲೆಕ್ಕ

ಕಳೆದ ತಿಂಗಳು ನಮ್ಮ ವಾಣಿಜ್ಯ ಸಂಸ್ಥೆಯ ಕಾರ್ಯಕಾರಿ ಸಮಿತಿಯ ಸಭೆ ಮುಗಿದು ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಆಡಿಟರೇ, ನಮ್ಮ ಟ್ರಸ್ಟಿನ ಆಸ್ಪತ್ರೆಯನ್ನು ಬೆಂಗಳೂರಿನ ಆಸ್ಪತ್ರೆ ಸಮೂಹವೊಂದು ಮೂವತ್ತು ವರ್ಷದ ಗುತ್ತಿಗೆಗೆ ಕೇಳುತ್ತಿದೆ. ಕೊಟ್ಟುಬಿಡುವುದು ಒಳ್ಳೆಯದಲ್ಲವೇ? ವರ್ಷವರ್ಷವೂ ಕೈಯಿಂದ ಹಾಕುವುದಾದರೂ ತಪ್ಪುತ್ತದೆ" ಎಂದರು. ಅವರು ಧಾನ್ಯದ ಸಗಟು ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವರು. ಒಂದು ಲಾರಿ ಮೆಕ್ಕೆಜೋಳ ಕೊಳ್ಳುವ ಮುನ್ನ ತೇವಾಂಶ, ಬಾಡಿಗೆ, ಹಮಾಲಿ, ಬಡ್ಡಿ, ಮುಂದಿನ ತಿಂಗಳ ಧಾರಣೆ ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ ಕಳೆಯಬಲ್ಲವರು. ಅಂಥವರು ಅರವತ್ತು ಹಾಸಿಗೆಗಳ ಆಸ್ಪತ್ರೆಯೊಂದರ ಭವಿಷ್ಯವನ್ನು ಚಹಾದ ಲೋಟ ಕೆಳಗಿಡುವುದರೊಳಗೆ ತೀರ್ಮಾನಿಸಲು ಹೊರಟಿದ್ದು ನನಗೆ ಆಶ್ಚರ್ಯವನ್ನೂ, ಸ್ವಲ್ಪ ನಾಚಿಕೆಯನ್ನೂ ಉಂಟುಮಾಡಿತು. ನಾಚಿಕೆಗೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಪ್ರಶ್ನೆ ಒಂದು ಊರಿಗೆ ಸೀಮಿತವಾದುದಲ್ಲ. ರಾಜ್ಯದ ಹಲವು ಜಿಲ್ಲಾ ಕೇಂದ್ರಗಳಲ್ಲಿ ವರ್ತಕರು, ಸಣ್ಣ ಉದ್ದಿಮೆದಾರರು ಹಾಗೂ ಸಮುದಾಯದ ಹಿರಿಯರು ಕಟ್ಟಿಸಿದ ಆಸ್ಪತ್ರೆಗಳಿವೆ. ಅವುಗಳ ಆಡಳಿತ ಮಂಡಳಿಗಳಲ್ಲಿ ನಮ್ಮಂಥವರೇ ಕುಳಿತಿದ್ದಾರೆ. ಆರೋಗ್ಯ ಸಂಸ್ಥೆಗಳಿಗೆ ದೂರಗಾಮಿ ಯೋಜನೆ ಏಕೆ ಬೇಕು, ಅದು ಹೇಗಿರಬೇಕು ಎಂಬ ವಿಚಾರ ಆದ್ದರಿಂದ ವೈದ್ಯರಿಗಿಂತ ಮೊದಲು ನಮಗೇ ಸಂಬಂಧಿಸಿದ್ದು.

ಧರ್ಮಾದಾಯದಿಂದ ಎದ್ದ ಕಟ್ಟಡ

ನಾನು ಹೇಳುತ್ತಿರುವ ಆಸ್ಪತ್ರೆ ಎಂಬತ್ತರ ದಶಕದಲ್ಲಿ ಆರಂಭವಾಯಿತು. ಮಾರುಕಟ್ಟೆ ಪ್ರಾಂಗಣದ ಅಡತಿ ಅಂಗಡಿಗಳಲ್ಲಿ ಚೀಲಕ್ಕಿಷ್ಟು ಎಂದು ತೆಗೆದಿಟ್ಟ ಧರ್ಮಾದಾಯದ ಹಣದಿಂದ ಅದರ ಬುನಾದಿ ಬಿದ್ದಿತು. ಅಂದು ಊರಿನಲ್ಲಿ ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟರೆ ಹೆರಿಗೆಗೆ ನೆಚ್ಚಬಹುದಾದ ಜಾಗವಿರಲಿಲ್ಲ. ಹೆರಿಗೆ, ಸಾಮಾನ್ಯ ಶಸ್ತ್ರಚಿಕಿತ್ಸೆ, ಜ್ವರ, ಅಪಘಾತ ಇವಿಷ್ಟೇ ಅದರ ಕೆಲಸವಾಗಿತ್ತು. ಯೋಜನೆ ಎಂಬ ಶಬ್ದವನ್ನು ಯಾರೂ ಬಳಸಲಿಲ್ಲ. ಆದರೆ ಯಾರಿಗಾಗಿ, ಏನು, ಎಷ್ಟರಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಸ್ಥಾಪಕರಲ್ಲಿ ಸ್ಪಷ್ಟ ಉತ್ತರವಿತ್ತು. ಒಳ್ಳೆಯ ಯೋಜನೆಯ ಸಾರ ಅಷ್ಟೇ.

ಕಾಲ ಬದಲಾಯಿತು. ಊರಿನಲ್ಲಿ ನರ್ಸಿಂಗ್ ಹೋಮ್‌ಗಳು ಹೆಚ್ಚಿದವು, ಹೆದ್ದಾರಿ ಅಗಲವಾಗಿ ದೊಡ್ಡ ನಗರ ಹತ್ತಿರವಾಯಿತು, ಸರ್ಕಾರದ ವಿಮಾ ಯೋಜನೆಗಳು ಬಂದವು. ಆ ಮೂರು ಪ್ರಶ್ನೆಗಳನ್ನು ಮಾತ್ರ ನಾವು ಮತ್ತೆ ಕೇಳಿಕೊಳ್ಳಲಿಲ್ಲ. ಅದರ ಬದಲು, ಪಕ್ಕದವರು ಏನು ತಂದರೋ ಅದನ್ನು ನಾವೂ ತಂದೆವು.

ನಾನೇ ಸಹಿ ಹಾಕಿದ ವರದಿ

2018ರಲ್ಲಿ ನಾನು ಆ ಟ್ರಸ್ಟಿನ ಗೌರವ ಕೋಶಾಧ್ಯಕ್ಷನಾಗಿದ್ದೆ. ಸಿ.ಟಿ. ಸ್ಕ್ಯಾನ್ ಯಂತ್ರ ಕೊಳ್ಳಬೇಕೆಂದು ಮಂಡಳಿ ನಿರ್ಧರಿಸಿತು. ತೆರಿಗೆ ಸೇರಿ ಒಂದೂವರೆ ಕೋಟಿ ರೂಪಾಯಿ, ಏಳು ವರ್ಷದ ಸಾಲ, ಬಡ್ಡಿ ಶೇ. 11. ಬ್ಯಾಂಕಿಗೆ ಸಲ್ಲಿಸಿದ ಯೋಜನಾ ವರದಿಯನ್ನು ಸಿದ್ಧಪಡಿಸಿ ಸಹಿ ಹಾಕಿದವನು ನಾನೇ. ದಿನಕ್ಕೆ ಹನ್ನೆರಡು ಸ್ಕ್ಯಾನ್ ಆಗುತ್ತವೆ ಎಂಬ ಅಂದಾಜನ್ನು ಯಂತ್ರ ಮಾರಲು ಬಂದವರು ಕೊಟ್ಟರು. ನಾನು ಅದನ್ನು ಹಾಗೆಯೇ ಬರೆದುಕೊಂಡೆ.

ಈಗ ಆ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಸಾಲದ ಮಾಸಿಕ ಕಂತು ಸುಮಾರು 2,57,000 ರೂಪಾಯಿ. ವಾರ್ಷಿಕ ನಿರ್ವಹಣಾ ಒಪ್ಪಂದದ ಬಾಬ್ತು ತಿಂಗಳಿಗೆ 75,000. ತಂತ್ರಜ್ಞರು, ವರದಿ ನೀಡುವ ವೈದ್ಯರು, ವಿದ್ಯುತ್ತು ಸೇರಿ 2,00,000. ಒಟ್ಟು 5,32,000. ಒಂದು ಸ್ಕ್ಯಾನಿಗೆ ಫಿಲ್ಮು, ಔಷಧ ಇತ್ಯಾದಿ ನೇರ ಖರ್ಚು ಕಳೆದು ಆಸ್ಪತ್ರೆಗೆ ಉಳಿಯುತ್ತಿದ್ದುದು ಸರಾಸರಿ 1,900 ರೂಪಾಯಿ. ಅಂದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ತಿಂಗಳಿಗೆ 280, ದಿನಕ್ಕೆ ಒಂಬತ್ತಕ್ಕಿಂತ ಹೆಚ್ಚು ಸ್ಕ್ಯಾನ್ ಆಗಬೇಕಿತ್ತು. ಅದೂ ಭಾನುವಾರ, ಹಬ್ಬದ ದಿನಗಳೂ ಸೇರಿ. ವಾಸ್ತವವಾಗಿ ಆದದ್ದು ದಿನಕ್ಕೆ ಐದು. ನಾವು ಯಂತ್ರ ತಂದ ಎಂಟೇ ತಿಂಗಳಲ್ಲಿ ಎರಡು ಬೀದಿಯಾಚೆ ಇನ್ನೊಂದು ಸ್ಕ್ಯಾನ್ ಕೇಂದ್ರ ತೆರೆಯಿತು. ತಿಂಗಳಿಗೆ ಸುಮಾರು ಎರಡೂವರೆ ಲಕ್ಷ, ವರ್ಷಕ್ಕೆ ಹತ್ತಿರ ಹತ್ತಿರ ಮೂವತ್ತು ಲಕ್ಷ ರೂಪಾಯಿ ಕೊರತೆ ಬೀಳತೊಡಗಿತು.

ಆ ಕೊರತೆಯನ್ನು ತುಂಬಿದ್ದು ಹೇಗೆ? ದಾದಿಯರ ವಸತಿಗೃಹ ಕಟ್ಟಿಸಲೆಂದು ಮೀಸಲಿಟ್ಟಿದ್ದ ಎಂಬತ್ತು ಲಕ್ಷ ರೂಪಾಯಿಯ ಠೇವಣಿಯಿಂದ. ಮೂರು ವರ್ಷ ತುಂಬುವ ಮೊದಲೇ ಅದು ಕರಗಿತು. ವಸತಿಗೃಹ ಕಾಗದದಲ್ಲೇ ಉಳಿಯಿತು. ಹಳ್ಳಿಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿದ್ದ ಅನುಭವಿ ದಾದಿಯರು ಒಬ್ಬೊಬ್ಬರಾಗಿ ಬೆಂಗಳೂರಿಗೂ, ಕೊಲ್ಲಿ ರಾಷ್ಟ್ರಗಳಿಗೂ ಹೊರಟುಹೋದರು. ಅವರಿಲ್ಲದೆ ಎರಡನೆಯ ಮಹಡಿಯ ಒಂದು ವಾರ್ಡನ್ನು ಮುಚ್ಚಬೇಕಾಯಿತು. ಈಗ ಸಾಲ ತೀರಿದೆ. ಯಂತ್ರದ ಆಯುಷ್ಯವೂ ಬಹುಮಟ್ಟಿಗೆ ತೀರಿದೆ. ಇಂದು "ಆಸ್ಪತ್ರೆ ನಡೆಯುತ್ತಿಲ್ಲ, ಕೊಟ್ಟುಬಿಡೋಣ" ಎನ್ನುವ ಸದಸ್ಯರಿಗೆ ಈ ಸರಪಳಿಯ ಮೊದಲ ಕೊಂಡಿ ಯಾವುದು ಎಂಬುದು ಗೊತ್ತಿಲ್ಲ. ನನಗೆ ಗೊತ್ತಿದೆ. ಅದು ನನ್ನ ಸಹಿ.

ಯಂತ್ರ ಕೊಂಡದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತಲೆಗೆ ಪೆಟ್ಟು ಬಿದ್ದವನಿಗೆ ಸ್ಕ್ಯಾನ್ ಊರಿನಲ್ಲೇ ಆಗುವುದು ಜೀವ ಉಳಿಸುವ ವಿಷಯ. ಆದರೆ ಅದನ್ನು ನಾವೇ ಕೊಳ್ಳಬೇಕಿತ್ತೇ, ಸ್ಥಳ ಕೊಟ್ಟು ಬೇರೆಯವರಿಂದ ನಡೆಸಬಹುದಿತ್ತೇ, ಅಥವಾ ಅದೇ ಹಣದಲ್ಲಿ ಮೊದಲು ದಾದಿಯರಿಗೆ ವಸತಿ ಕಟ್ಟಿಸಬೇಕಿತ್ತೇ ಎಂಬ ಹೋಲಿಕೆಯನ್ನೇ ನಾವು ಮಾಡಲಿಲ್ಲ. ಖರೀದಿಯನ್ನೇ ಯೋಜನೆ ಎಂದು ಭ್ರಮಿಸಿದೆವು.

ಖಾಲಿ ಹಾಸಿಗೆ, ತುಂಬಿದ ವಾರ್ಡು

ಅರವತ್ತು ಹಾಸಿಗೆಯ ಆಸ್ಪತ್ರೆಯೆಂದರೆ ವರ್ಷಕ್ಕೆ 21,900 ಹಾಸಿಗೆ-ದಿನಗಳು. ಕಳೆದ ವರ್ಷ ಅವುಗಳಲ್ಲಿ ಬಳಕೆಯಾದದ್ದು ಅರ್ಧದಷ್ಟು, ಅಂದರೆ ಸುಮಾರು 10,950. ಇಷ್ಟಾದರೂ ಎರಡು ವರ್ಷದ ಹಿಂದೆ ಮೂರನೆಯ ಮಹಡಿ ಕಟ್ಟಿಸಬೇಕೆಂಬ ಪ್ರಸ್ತಾಪ ಮಂಡಳಿಯ ಮುಂದೆ ಬಂದಿತ್ತು. ಪ್ರಸ್ತಾಪಿಸಿದವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಸೊಸೆಯ ಹೆರಿಗೆಯ ದಿನ ಹಾಸಿಗೆ ಸಿಕ್ಕಿರಲಿಲ್ಲ. ಹೆರಿಗೆ ವಾರ್ಡು ಸದಾ ತುಂಬಿರುತ್ತದೆ. ವಿಶೇಷ ಕೊಠಡಿಗಳು ಖಾಲಿ ಬಿದ್ದಿರುತ್ತವೆ. ಸರಾಸರಿ ಎಂಬ ಒಂದೇ ಅಂಕಿ ಎರಡನ್ನೂ ಮರೆಮಾಡುತ್ತದೆ. ವಾರ್ಡುವಾರು, ವಾರದ ದಿನವಾರು ಲೆಕ್ಕ ತೆಗೆದರೆ ಮಾತ್ರ ಆಸ್ಪತ್ರೆ ತನ್ನ ಕಥೆ ಹೇಳುತ್ತದೆ.

ನಾವು ತಡವಾಗಿ ಲೆಕ್ಕ ತೆಗೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಶಸ್ತ್ರಚಿಕಿತ್ಸೆಗೆ ಬಂದ ರೋಗಿ ಸರಾಸರಿ ಐದು ದಿನ ಇರುತ್ತಿದ್ದ. ಅದರಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲ ಅವನು ಸುಮ್ಮನೆ ಕಾಯುತ್ತಿದ್ದ. ಕಾರಣ, ಅರಿವಳಿಕೆ ತಜ್ಞರು ನಮ್ಮಲ್ಲಿಗೆ ಬರುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಉಳಿದ ದಿನಗಳಲ್ಲಿ ಅವರು ಬೇರೆ ಆಸ್ಪತ್ರೆಗಳಲ್ಲಿರುತ್ತಿದ್ದರು. ಎಲ್ಲ ವಿಭಾಗಗಳನ್ನೂ ಸೇರಿಸಿ ಸರಾಸರಿ ವಾಸ್ತವ್ಯ ಐದು ದಿನವಿದ್ದರೆ 10,950 ಹಾಸಿಗೆ-ದಿನಗಳಲ್ಲಿ 2,190 ರೋಗಿಗಳಿಗೆ ಚಿಕಿತ್ಸೆ ಕೊಡಬಹುದು. ನಾಲ್ಕು ದಿನಕ್ಕಿಳಿದರೆ ಅಷ್ಟೇ ಹಾಸಿಗೆ, ಅಷ್ಟೇ ದಾದಿಯರಿಂದ 2,737 ರೋಗಿಗಳಿಗೆ. ಐನೂರಕ್ಕೂ ಮಿಕ್ಕ ಹೆಚ್ಚುವರಿ ರೋಗಿಗಳು! ಇದಕ್ಕೆ ಬೇಕಾದದ್ದು ಮೂರನೆಯ ಮಹಡಿಯಲ್ಲ, ವಾರದಲ್ಲಿ ಇನ್ನೆರಡು ದಿನ ಅರಿವಳಿಕೆ ತಜ್ಞರು. ಕಾರ್ಖಾನೆ ನಡೆಸುವವರಿಗೆ ಇದು ಹೊಸ ಪಾಠವೇನಲ್ಲ. ಹತ್ತು ಲೇತ್ ಯಂತ್ರಗಳಿದ್ದು ಒಂದೇ ಗ್ರೈಂಡಿಂಗ್ ಯಂತ್ರವಿದ್ದರೆ, ಹನ್ನೊಂದನೆಯ ಲೇತ್ ಕೊಳ್ಳುವುದರಿಂದ ಉತ್ಪಾದನೆ ಹೆಚ್ಚುವುದಿಲ್ಲ ಎಂಬುದು ಅವರಿಗೆ ಗೊತ್ತು. ಆ ತಿಳಿವಳಿಕೆಯನ್ನು ಆಸ್ಪತ್ರೆಯ ಗೇಟಿನ ಹೊರಗೆ ಬಿಟ್ಟು ಒಳಗೆ ಬರುತ್ತೇವೆ, ಅಷ್ಟೇ.

ಕಣ್ಣೆದುರಿನ ಉದಾಹರಣೆಗಳು

ಯೋಜನೆ ಎಂದರೆ ಮುಖ್ಯವಾಗಿ ಆಯ್ಕೆ. ಇದಕ್ಕೆ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಗಿಂತ ಉತ್ತಮ ನಿದರ್ಶನ ನನಗೆ ತಿಳಿದಿಲ್ಲ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು 1976ರಲ್ಲಿ ಹನ್ನೊಂದು ಹಾಸಿಗೆಗಳೊಂದಿಗೆ ಅದನ್ನು ಆರಂಭಿಸಿದರು. ಕಣ್ಣು ಮಾತ್ರ, ಅದರಲ್ಲಿಯೂ ಮುಖ್ಯವಾಗಿ ಕಣ್ಣಿನ ಪೊರೆ ಎಂಬುದು ಅವರ ಆಯ್ಕೆ. ಅತ್ಯಂತ ದುರ್ಲಭವಾದದ್ದು ಶಸ್ತ್ರವೈದ್ಯರ ಸಮಯ ಎಂಬುದನ್ನು ಗುರುತಿಸಿ ಉಳಿದೆಲ್ಲವನ್ನೂ ಅದರ ಸುತ್ತ ಜೋಡಿಸಿದರು. ಒಂದು ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧನಾಗಿರುತ್ತಾನೆ. ಸಿದ್ಧತೆಯ ಕೆಲಸವನ್ನು ಗ್ರಾಮೀಣ ಪ್ರದೇಶದಿಂದ ಆರಿಸಿ ತರಬೇತಿ ಕೊಟ್ಟ ಯುವತಿಯರು ನೋಡಿಕೊಳ್ಳುತ್ತಾರೆ. ಹಣ ಕೊಡಬಲ್ಲವರ ಶುಲ್ಕದಿಂದ ಕೊಡಲಾರದವರ ಚಿಕಿತ್ಸೆ ನಡೆಯುತ್ತದೆ. ಆಮದಾಗುತ್ತಿದ್ದ ಕೃತಕ ಮಸೂರ ಬಡವರಿಗೆ ನಿಲುಕದಷ್ಟು ದುಬಾರಿಯಾಗಿದ್ದುದರಿಂದ 1992ರಲ್ಲಿ ಆರೋಲ್ಯಾಬ್ ಎಂಬ ತಮ್ಮದೇ ತಯಾರಿಕಾ ಘಟಕವನ್ನು ಸ್ಥಾಪಿಸಿ ಬೆಲೆಯನ್ನು ಹಲವು ಪಟ್ಟು ಇಳಿಸಿದರು. ಇಲ್ಲಿ ದಯೆಯೂ ಇದೆ, ಲೆಕ್ಕವೂ ಇದೆ; ಒಂದು ಇನ್ನೊಂದನ್ನು ಹೊತ್ತು ನಿಂತಿದೆ.

ನಮ್ಮ ಕರಾವಳಿಯತ್ತ ನೋಡೋಣ. ಪಿಗ್ಮಿ ಠೇವಣಿಯ ಮೂಲಕ ಸಣ್ಣ ಉಳಿತಾಯಗಾರರ ಮನೆಬಾಗಿಲಿಗೆ ಬ್ಯಾಂಕನ್ನು ಕೊಂಡೊಯ್ದವರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಕಾಲೇಜಿಗೆ ಬೇಕಾದ ದೊಡ್ಡ ಆಸ್ಪತ್ರೆಯನ್ನು ಮೊದಲ ದಿನವೇ ಕಟ್ಟಲು ಅವರು ಹೊರಡಲಿಲ್ಲ. ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯನ್ನು ವಿದ್ಯಾರ್ಥಿಗಳ ತರಬೇತಿಗೆ ಬಳಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರು. ಇರುವುದನ್ನು ಪೂರ್ತಿ ಬಳಸಿ, ಇಲ್ಲದ್ದನ್ನು ಹಂತಹಂತವಾಗಿ ಕಟ್ಟುವ ಈ ವಿವೇಕ ವ್ಯಾಪಾರಿಗಳಿಗೆ ಪರಕೀಯವಲ್ಲ.

ಹಣ ಯಾರು ಕೊಡುತ್ತಾರೆ, ಎಂದು ಕೊಡುತ್ತಾರೆ?

ನಮ್ಮ ಅಂಗಡಿಗಳಲ್ಲಿ ಕೊಳ್ಳುವವನೇ ಹಣ ಕೊಡುತ್ತಾನೆ. ಆಸ್ಪತ್ರೆಯಲ್ಲಿ ಹಾಗಲ್ಲ. ಚಿಕಿತ್ಸೆ ಪಡೆಯುವವನು ಒಬ್ಬ, ಯಾವ ಚಿಕಿತ್ಸೆ ಎಂದು ನಿರ್ಧರಿಸುವವರು ಮತ್ತೊಬ್ಬರು, ಹಣ ಕೊಡುವವರು ಮೂರನೆಯವರು. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದಲೇ ಕೊಡುವ ಪಾಲು 2013–14ರಲ್ಲಿ ಶೇ. 64.2ರಷ್ಟಿದ್ದುದು 2021–22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಜನರ ದೃಷ್ಟಿಯಿಂದ ಇದು ಸಂತೋಷದ ಸಂಗತಿ. ಆಸ್ಪತ್ರೆಯ ಕೋಶಾಧ್ಯಕ್ಷನ ದೃಷ್ಟಿಯಿಂದ ಇದರ ಅರ್ಥ, ನಗದು ವ್ಯಾಪಾರ ಉದ್ರಿ ವ್ಯಾಪಾರವಾಗಿ ಮಾರ್ಪಡುತ್ತಿದೆ ಎಂಬುದು.

ಕರ್ನಾಟಕದ ಇತಿಹಾಸವನ್ನೇ ಗಮನಿಸಿ. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗಾಗಿ ವರ್ಷಕ್ಕೆ ತಲಾ 60 ರೂಪಾಯಿ ವಂತಿಗೆಯೊಂದಿಗೆ ಯಶಸ್ವಿನಿ ಆರಂಭವಾಯಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂದಿತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್‌ನೊಂದಿಗೆ ಕೂಡಿಕೊಂಡಿತು; ಯಶಸ್ವಿನಿ ನಿಂತಿತು. 2023ರ ಜನವರಿಯಿಂದ ಯಶಸ್ವಿನಿ ಮತ್ತೆ ಚಾಲನೆಗೊಂಡಿತು. ಇಪ್ಪತ್ತು ವರ್ಷಗಳಲ್ಲಿ ಹಣ ಕೊಡುವವರು, ದರಪಟ್ಟಿ, ಕಾಗದಪತ್ರದ ಕ್ರಮ ಇಷ್ಟು ಬಾರಿ ಬದಲಾಗಿರುವಾಗ ಒಂದೇ ಮೂಲವನ್ನು ನೆಚ್ಚಿ ಕಟ್ಟಡ ಕಟ್ಟುವುದು ಒಬ್ಬನೇ ಗಿರಾಕಿಗಾಗಿ ಕಾರ್ಖಾನೆ ಹಾಕಿದಂತೆ. ನಮ್ಮ ಆಸ್ಪತ್ರೆಯ ಯೋಜನಾ ಬಾಕಿ ಕೈಸೇರಲು ಸರಾಸರಿ ನಾಲ್ಕು ತಿಂಗಳು ಬೇಕಾಗುತ್ತಿತ್ತು. ತಡವಾದುದಕ್ಕೆ ಸರ್ಕಾರವೊಂದೇ ಕಾರಣವಲ್ಲ. ಮೂರನೆಯ ಒಂದು ಪಾಲು ಅರ್ಜಿಗಳು ನಮ್ಮದೇ ಕಾಗದಪತ್ರದ ಲೋಪದಿಂದ ಹಿಂದಿರುಗುತ್ತಿದ್ದವು. ಔಷಧ ಪೂರೈಸಿದ ಸಗಟು ವ್ಯಾಪಾರಿಯಾದರೋ ನಲವತ್ತೈದನೆಯ ದಿನ ಬಾಗಿಲಲ್ಲಿ ನಿಲ್ಲುತ್ತಾನೆ. ಆ ವ್ಯಾಪಾರಿಯೂ ನಮ್ಮ ಸಂಸ್ಥೆಯ ಸದಸ್ಯನೇ. ಅವನ ಹಣದಿಂದ ನಾವು ಧರ್ಮ ಮಾಡುವುದು ಧರ್ಮವಲ್ಲ.

ನಿಯಂತ್ರಣದ ಮಾತು ಬೇರೆ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿಯಾಯಿತು: ಸಾದಾ ಲೋಹದ ಸ್ಟೆಂಟ್‌ಗೆ 7,260 ರೂಪಾಯಿ, ಔಷಧಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ. ರೋಗಿಗಳಿಗೆ ಅದು ಬಹು ದೊಡ್ಡ ನೆಮ್ಮದಿ. ಸ್ಟೆಂಟಿನ ಮೇಲಿನ ಲಾಭವನ್ನೇ ನಂಬಿ ಹೃದಯ ವಿಭಾಗದ ಲೆಕ್ಕ ಹಾಕಿದ್ದ ಆಸ್ಪತ್ರೆಗಳ ಯೋಜನೆ ಮಾತ್ರ ಒಂದೇ ಆದೇಶದಲ್ಲಿ ತಲೆಕೆಳಗಾಯಿತು. ಸಾಮಾನಿನ ಮೇಲಿನ ಲಾಭದ ಮೇಲೆ ನಿಂತ ಆಸ್ಪತ್ರೆ ಮರಳಿನ ಮೇಲೆ ನಿಂತಂತೆ. ಸೇವೆಗೆ ನ್ಯಾಯವಾದ ದರ, ಸಾಮಾನಿಗೆ ಅಸಲು ಎಂಬುದೇ ಉಳಿಯುವ ದಾರಿ.

ಜಿಎಸ್‌ಟಿಯ ವಿಷಯವನ್ನೂ ನಮ್ಮ ಸದಸ್ಯರು ತಪ್ಪು ತಿಳಿಯುತ್ತಾರೆ. ಚಿಕಿತ್ಸಾ ಸೇವೆಗೆ ಸಾಮಾನ್ಯವಾಗಿ ವಿನಾಯಿತಿ ಇರುವುದರಿಂದ ಯಂತ್ರ, ಉಪಕರಣ, ಕಟ್ಟಡದ ಸಾಮಗ್ರಿಗಳ ಮೇಲೆ ಕೊಟ್ಟ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಮರಳಿ ಬರುವ ಹಣ ಇಲ್ಲಿ ಶಾಶ್ವತ ಖರ್ಚು. 2025ರ ಸೆಪ್ಟೆಂಬರ್ 22ರಿಂದ ಹಲವು ಔಷಧ ಹಾಗೂ ವೈದ್ಯಕೀಯ ಉಪಕರಣಗಳ ತೆರಿಗೆ ದರ ಇಳಿದಿರುವುದು ಸಹಾಯಕ. ಮೂಲ ಸ್ಥಿತಿ ಬದಲಾಗಿಲ್ಲ.

ಸೇವೆಗೆ ಲೆಕ್ಕವೇಕೆ ಎನ್ನುವವರಿಗೆ

"ಇದು ಸೇವೆ, ವ್ಯಾಪಾರವಲ್ಲ; ಲಾಭನಷ್ಟದ ಮಾತೇಕೆ?" ಎಂಬ ಆಕ್ಷೇಪಣೆ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಹೇಳುವವರ ಮನಸ್ಸು ದೊಡ್ಡದು. ಮಾತು ಮಾತ್ರ ಅಪಾಯಕಾರಿ. ಮಿಗತೆಯಿಲ್ಲದ ಧರ್ಮ ಸಂಸ್ಥೆ ಯಂತ್ರ ಕೆಟ್ಟ ದಿನ ಬಾಗಿಲು ಮುಚ್ಚುತ್ತದೆ. ಕಾನೂನು ಕೂಡ ಮಿಗತೆಯನ್ನು ನಿಷೇಧಿಸಿಲ್ಲ. ನೋಂದಾಯಿತ ಧರ್ಮಾರ್ಥ ಸಂಸ್ಥೆ ತನ್ನ ಆದಾಯದ ಶೇ. 85ನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು, ಉಳಿದ ಶೇ. 15ನ್ನು ಕೂಡಿಡಬಹುದು. ನಿರ್ದಿಷ್ಟ ಉದ್ದೇಶವನ್ನು ತಿಳಿಸಿ ಇನ್ನೂ ಹೆಚ್ಚಿನ ಮೊತ್ತವನ್ನು ಐದು ವರ್ಷದವರೆಗೆ ಮೀಸಲಿಡಲೂ ಅವಕಾಶವಿದೆ. ಐದು ವರ್ಷದ ಯೋಜನೆಗೆ ಇದಕ್ಕಿಂತ ಅನುಕೂಲವಾದ ನಿಯಮ ಬೇಕೇ? ಆದರೂ ಅನೇಕ ಟ್ರಸ್ಟ್‌ಗಳು ಯಂತ್ರದ ಪೂರ್ಣ ಬೆಲೆಯನ್ನು ಕೊಂಡ ವರ್ಷವೇ ವಿನಿಯೋಗವೆಂದು ತೋರಿಸಿ, ಸವಕಳಿಯ ಮಾತನ್ನೇ ಮರೆತುಬಿಡುತ್ತವೆ. ತೆರಿಗೆ ಲೆಕ್ಕದಲ್ಲಿ ಅದು ಸರಿ. ಹತ್ತು ವರ್ಷದ ನಂತರ ಹೊಸ ಯಂತ್ರಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ತೆರಿಗೆ ಲೆಕ್ಕ ಉತ್ತರ ಕೊಡುವುದಿಲ್ಲ.

"ನಾಳೆ ಏನಾಗುತ್ತದೋ ಯಾರು ಬಲ್ಲರು, ಕೋವಿಡ್ ಬಂದಾಗ ಯಾವ ಯೋಜನೆ ಉಳಿಯಿತು?" ಎಂಬುದು ಎರಡನೆಯ ಆಕ್ಷೇಪಣೆ. 2020ರ ಏಪ್ರಿಲ್‌ನಲ್ಲಿ ನಮ್ಮ ಹೊರರೋಗಿ ವಿಭಾಗ ಬಹುತೇಕ ನಿಂತುಹೋಯಿತು. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನೆಲ್ಲ ಮುಂದೂಡಿದೆವು. ವೇತನಕ್ಕೆ ಇಬ್ಬರು ಧರ್ಮದರ್ಶಿಗಳು ಕೈಸಾಲ ಕೊಟ್ಟರು. ಮೂರು ತಿಂಗಳ ಖರ್ಚಿನಷ್ಟು ಹಣ ಮೀಸಲಿದ್ದಿದ್ದರೆ ಅದರ ಅಗತ್ಯವಿರಲಿಲ್ಲ. ಬರುವ ವಿಪತ್ತಿನ ಹೆಸರನ್ನು ಯೋಜನೆ ಹೇಳಲಾರದು. ಯಾವ ವಿಪತ್ತು ಬಂದರೂ ಎಷ್ಟು ದಿನ ನಿಲ್ಲಬಲ್ಲೆವು ಎಂಬುದನ್ನು ಹೇಳಬಲ್ಲದು.

ಯೋಜನೆಯಲ್ಲಿ ಇರಬೇಕಾದದ್ದು

ನೂರು ಪುಟದ ಬಣ್ಣದ ವರದಿ ಬೇಡ. ಐದು ವರ್ಷಕ್ಕೆ ಹತ್ತು ಪುಟ ಸಾಕು. ಅದರಲ್ಲಿ ಈ ಐದು ವಿಷಯಗಳಿರಲಿ.

1. ಯಾರಿಗಾಗಿ: ಕಳೆದ ಮೂರು ವರ್ಷಗಳ ನೋಂದಣಿ ಪುಸ್ತಕದಿಂದ ಯಾವ ಹಳ್ಳಿ, ಯಾವ ಬಡಾವಣೆಯಿಂದ, ಯಾವ ಕಾಯಿಲೆಗೆ ಎಷ್ಟು ಜನ ಬಂದರು ಎಂಬ ಪಟ್ಟಿ. ಯಾರು ಬರುವುದನ್ನು ನಿಲ್ಲಿಸಿದರು ಎಂಬುದು ಇನ್ನೂ ಮುಖ್ಯ.

2. ಏನನ್ನು ಮಾಡುತ್ತೇವೆ, ಏನನ್ನು ಬಿಡುತ್ತೇವೆ: ಬಿಡುವ ಪಟ್ಟಿಯಿಲ್ಲದ ಯೋಜನೆ ಯೋಜನೆಯಲ್ಲ, ಆಸೆಗಳ ಪಟ್ಟಿ. ಬಿಟ್ಟ ಸೇವೆಗೆ ರೋಗಿಯನ್ನು ಎಲ್ಲಿಗೆ, ಹೇಗೆ ಕಳುಹಿಸುತ್ತೇವೆ ಎಂಬುದನ್ನೂ ಬರೆಯಬೇಕು. ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದಿಲ್ಲ, ಕೊಡುವುದಿಲ್ಲ ಎಂಬ ನಿರ್ಣಯವೂ ಅದರಲ್ಲಿರಲಿ. ಆ ಹಣ ಕೊನೆಗೆ ರೋಗಿಯ ಬಿಲ್ಲಿನಲ್ಲೇ ಸೇರುತ್ತದೆ.

3. ಅಡಚಣೆ ಎಲ್ಲಿದೆ: ಹಾಸಿಗೆಯೇ, ದಾದಿಯರೇ, ಅರಿವಳಿಕೆ ತಜ್ಞರೇ, ಶಸ್ತ್ರಚಿಕಿತ್ಸಾ ಕೊಠಡಿಯೇ? ಮೊದಲ ರೂಪಾಯಿ ಅಲ್ಲಿಗೆ ಹೋಗಬೇಕು.

4. ಹಣದ ಹರಿವು: ನಗದು, ಖಾಸಗಿ ವಿಮೆ, ಸರ್ಕಾರಿ ಯೋಜನೆ, ಇ.ಎಸ್.ಐ. ಎಂದು ನಾಲ್ಕು ಅಂಕಣ. ಪ್ರತಿಯೊಂದಕ್ಕೂ ಪಾಲು ಎಷ್ಟು, ಕೈಸೇರಲು ಎಷ್ಟು ದಿನ, ತಿರಸ್ಕೃತವಾಗುವುದು ಎಷ್ಟು. ಅದರ ಮೇಲೆ ಯಂತ್ರ ಬದಲಾವಣೆಯ ನಿಧಿ ಮತ್ತು ಮೂರು ತಿಂಗಳ ಖರ್ಚಿನ ಮೀಸಲು.

5. ಯಾರು ಉತ್ತರದಾಯಿ: ಪ್ರತಿ ಗುರಿಗೂ ಒಬ್ಬರ ಹೆಸರು, ಒಂದು ದಿನಾಂಕ. ಮೂರು ತಿಂಗಳಿಗೊಮ್ಮೆ ವೈದ್ಯರು, ಹಿರಿಯ ದಾದಿ, ಕೋಶಾಧ್ಯಕ್ಷ ಒಂದೇ ಮೇಜಿನಲ್ಲಿ ಕುಳಿತು ಅಂಕಿಗಳನ್ನು ನೋಡಬೇಕು. ನನ್ನ ಅನುಭವದಲ್ಲಿ ಮಂಡಳಿಯ ಸಭೆಗೆ ದಾದಿಯೊಬ್ಬರನ್ನು ಕರೆದದ್ದು ಒಮ್ಮೆ ಮಾತ್ರ. ಅಂದೇ ನಮಗೆ ವಸತಿಗೃಹದ ಮಹತ್ವ ತಿಳಿದದ್ದು. ಆಗ ಹಣ ಉಳಿದಿರಲಿಲ್ಲ.

ನಮ್ಮ ಸಂಸ್ಥೆ ಏನು ಮಾಡಬಹುದು

ಇದರಲ್ಲಿ ವಾಣಿಜ್ಯ ಸಂಸ್ಥೆಗೆ ಏನು ಕೆಲಸ ಎಂದು ಕೇಳಬಹುದು. ನಮ್ಮ ಕೈಗಾರಿಕಾ ವಸಾಹತಿನಲ್ಲಿ ಪ್ರೆಸ್ಸಿಗೆ ಕೈ ಸಿಕ್ಕ ಕಾರ್ಮಿಕನನ್ನು ಮೊದಲ ಅರ್ಧ ಗಂಟೆಯಲ್ಲಿ ಎಲ್ಲಿಗೆ ಒಯ್ಯುತ್ತೇವೆ? ಇ.ಎಸ್.ಐ.ಗೆ 2019ರ ಜುಲೈಯಿಂದ ಉದ್ದಿಮೆದಾರ ವೇತನದ ಶೇ. 3.25, ಕಾರ್ಮಿಕ ಶೇ. 0.75 ಕೊಡುತ್ತಿದ್ದಾರೆ. ಆ ಹಣಕ್ಕೆ ತಕ್ಕ ಚಿಕಿತ್ಸೆ ಊರಿನಲ್ಲಿ ದೊರೆಯುವಂತೆ ಟ್ರಸ್ಟ್ ಆಸ್ಪತ್ರೆಗಳು ನೋಂದಾಯಿಸಿಕೊಳ್ಳಲು ಸಂಸ್ಥೆ ನೆರವಾಗಬಹುದು. 2017ರಲ್ಲಿ ನಿಗದಿಯಾದ 21,000 ರೂಪಾಯಿ ವೇತನ ಮಿತಿಯನ್ನು ದಾಟಿದ ಮೇಸ್ತ್ರಿ, ಗುಮಾಸ್ತರಿಗೆ ಹತ್ತಾರು ಸಣ್ಣ ಘಟಕಗಳು ಒಟ್ಟುಗೂಡಿ ಸಾಮೂಹಿಕ ವಿಮೆ ಮಾಡಿಸಬಹುದು. ಇದರಿಂದ ಕಾರ್ಮಿಕನಿಗೆ ರಕ್ಷಣೆ, ಆಸ್ಪತ್ರೆಗೆ ಖಚಿತ ರೋಗಿಗಳು.

ಇನ್ನು ಗುತ್ತಿಗೆಯ ಪ್ರಶ್ನೆ. ದೊಡ್ಡ ಸಮೂಹಗಳ ಬಗ್ಗೆ ನನಗೆ ದ್ವೇಷವಿಲ್ಲ. ಅವರಲ್ಲಿ ಬಂಡವಾಳವಿದೆ, ಶಿಸ್ತಿದೆ, ಹೃದಯ ಮತ್ತು ಮಿದುಳಿನ ಚಿಕಿತ್ಸೆಗೆ ಬೇಕಾದ ತಜ್ಞರಿದ್ದಾರೆ. ಆದರೆ ಅವರು ಐದು ವರ್ಷದ ಲೆಕ್ಕ ಹಾಕಿಯೇ ನಮ್ಮ ಬಾಗಿಲಿಗೆ ಬಂದಿದ್ದಾರೆ. ನಾವು ನಮ್ಮ ಲೆಕ್ಕವಿಲ್ಲದೆ ಅವರೆದುರು ಕುಳಿತರೆ ಬೆಲೆ ನಿರ್ಧರಿಸುವವರು ಅವರೇ. ಹೆರಿಗೆ ವಾರ್ಡಿನ ದರ ಏನಾಗುತ್ತದೆ, ಸರ್ಕಾರಿ ಯೋಜನೆಯ ರೋಗಿಗಳನ್ನು ಮುಂದುವರಿಸುತ್ತಾರೆಯೇ, ಮೂವತ್ತು ವರ್ಷದ ನಂತರ ಯಾವ ಸ್ಥಿತಿಯಲ್ಲಿ ಕಟ್ಟಡ ಮರಳುತ್ತದೆ ಎಂದು ಕೇಳಲೂ ನಮ್ಮಲ್ಲಿ ಅಂಕಿಗಳು ಬೇಕು. ಹೆರಿಗೆ, ಸಾಮಾನ್ಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್ ಮತ್ತು ಕಾರ್ಖಾನೆಯ ಅಪಘಾತ ಈ ನಾಲ್ಕನ್ನೇ ಆರಿಸಿಕೊಂಡು, ಸ್ಕ್ಯಾನಿಂಗನ್ನು ಹೊರಗಿನವರಿಗೆ ವಹಿಸಿ, ವಸತಿಗೃಹ ಕಟ್ಟಿಸಿ, ಅರಿವಳಿಕೆ ತಜ್ಞರನ್ನು ಪೂರ್ಣಾವಧಿಗೆ ನೇಮಿಸಿಕೊಂಡರೆ ಆಸ್ಪತ್ರೆ ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯವೇ ಹೊರತು ಇನ್ನೂ ಲೆಕ್ಕವಲ್ಲ. ಲೆಕ್ಕ ಬೇರೆಯಾಗಿ ಹೇಳಿದರೆ ಗುತ್ತಿಗೆಗೆ ಮೊದಲು ಕೈ ಎತ್ತುವವನು ನಾನೇ.

ಆದ್ದರಿಂದ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟು. ಸರ್ವಸದಸ್ಯರ ಸಭೆಯಲ್ಲಿ ಗುತ್ತಿಗೆಯ ನಿರ್ಣಯವನ್ನು ಆರು ತಿಂಗಳು ಮುಂದೂಡಿರಿ. ವೈದ್ಯರೊಬ್ಬರು, ಹಿರಿಯ ದಾದಿಯೊಬ್ಬರು, ಉದ್ದಿಮೆದಾರರೊಬ್ಬರು, ಲೆಕ್ಕಪರಿಶೋಧಕರೊಬ್ಬರು ಇರುವ ಚಿಕ್ಕ ಸಮಿತಿಗೆ ಮೇಲಿನ ಹತ್ತು ಪುಟಗಳನ್ನು ಬರೆಯುವ ಕೆಲಸ ಒಪ್ಪಿಸಿರಿ. ಲೆಕ್ಕಪರಿಶೋಧಕನ ಸ್ಥಾನಕ್ಕೆ ಸಂಭಾವನೆಯಿಲ್ಲದೆ ದುಡಿಯಲು ನಾನು ಸಿದ್ಧನಿದ್ದೇನೆ. 2018ರಲ್ಲಿ ಹಾಕಿದ ಸಹಿಯ ಬಾಕಿಯನ್ನು ತೀರಿಸಲು ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಚೀಲಕ್ಕಿಷ್ಟು ಎಂದು ಧರ್ಮಾದಾಯ ತೆಗೆದಿಟ್ಟವರು ಪೈಸೆ ಪೈಸೆಯನ್ನೂ ಕಿರ್ದಿಯಲ್ಲಿ ಬರೆದಿದ್ದರು. ಆ ಪುಸ್ತಕಗಳು ಆಸ್ಪತ್ರೆಯ ಕಪಾಟಿನಲ್ಲಿ ಇಂದಿಗೂ ಇವೆ. ಅವರು ಕಟ್ಟಿದ್ದನ್ನು ಉಳಿಸುವುದಾಗಲಿ, ಇನ್ನೊಬ್ಬರ ಕೈಗೆ ಒಪ್ಪಿಸುವುದಾಗಲಿ, ಅಷ್ಟೇ ಎಚ್ಚರದ ಲೆಕ್ಕದೊಂದಿಗೆ ಆಗಲಿ.